ಹಳೇ ಸೆಸ್ನಾ 152ರ ಪ್ಯಾನಲ್ ಲೈಟ್ ಊದುಬತ್ತಿ ಕಿಡಿಯಷ್ಟೇ ಉರಿಯುತ್ತಿದೆ, ಏನು ಮಾಡೋದು?

ಲ್ಯಾಬ್_ಮೇಷ್ಟ್ರು (ಭಾನುವಾರ, ರಾತ್ರಿ 9:12)
ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ಹತ್ತಿರ ಒಂದು ಕಾಲೇಜಿನಲ್ಲಿ ಲ್ಯಾಬ್ ನೋಡಿಕೊಳ್ಳುತ್ತೇನೆ. ಎರಡು ವರ್ಷದ ಹಿಂದೆ ನಮಗೆ ಹಾರಾಟ ನಿಲ್ಲಿಸಿದ ಒಂದು ಸೆಸ್ನಾ 152 ತರಬೇತಿ ವಿಮಾನ ಬಂತು. ರೆಕ್ಕೆ ಬಿಚ್ಚಿ ಲಾರಿ ಮೇಲೆ ತಂದರು. ಕಾಗದದಲ್ಲಿ 1979ರ ಮಾಡೆಲ್ ಎಂದಿದೆ. ತಗಡಿನ ಶೆಡ್ಡಿನಲ್ಲಿ ನಿಂತಿದೆ, ನಮ್ಮ ಎರಡು ಮಳೆಗಾಲ ಕಂಡಿದೆ.

ಬರುವ ಶುಕ್ರವಾರ ಸುತ್ತಲಿನ ಶಾಲೆ ಮಕ್ಕಳು ನೋಡಲು ಬರುತ್ತಾರೆ. ಸೋಗಾನೆಯಲ್ಲಿ ಏರ್‌ಪೋರ್ಟ್ ಆದಮೇಲೆ ಎಲ್ಲರಿಗೂ ವಿಮಾನದ ಹುಚ್ಚು. ಕತ್ತಲೆ ಮಾಡಿ, ಕಾಕ್‌ಪಿಟ್ ಲೈಟ್ ಹಾಕಿ ತೋರಿಸೋಣ ಅಂತ ಪ್ರಿನ್ಸಿಪಾಲರು ಹೇಳಿಬಿಟ್ಟಿದ್ದಾರೆ.

ಇವತ್ತು ಒಂದು ಜೀಪಿನ ಬ್ಯಾಟರಿ ತಂದು ಕೊಟ್ಟೆ. ಮಾಸ್ಟರ್ ಸ್ವಿಚ್ ಹಾಕಿದರೆ ಏನೂ ಆಗಲಿಲ್ಲ. ಆಮೇಲೆ ರಡ್ಡರ್ ಪೆಡಲ್ ಹತ್ತಿರ ತಲೆ ಇಟ್ಟು ಅಂಗಾತ ಮಲಗಿ, ಪ್ಯಾನಲ್ ಹಿಂದೆ ಎಲ್ಲದಕ್ಕೂ ಕರೆಂಟ್ ಹಂಚುವ ಬಸ್ ಬಾರ್‌ಗೆ ನೇರವಾಗಿ ವೈರ್ ಕೊಟ್ಟೆ. ಆಗ ತಲೆ ಮೇಲಿನ ಕೆಂಪು ಲೈಟ್ ಮಾತ್ರ ಊದುಬತ್ತಿ ಕಿಡಿಯ ಹಾಗೆ ಉರಿಯಿತು. ಮೀಟರುಗಳ ಪಕ್ಕದ ಸಣ್ಣ ಸಣ್ಣ ದೀಪಗಳು ಒಂದೂ ಇಲ್ಲ. ಎಲ್ಲ ಕಿತ್ತು ಎಲ್‌ಇಡಿ ಪಟ್ಟಿ ಅಂಟಿಸಿಬಿಡಲಾ?

ಎಲ್‌ಇಡಿ_ಲೋಕಿ (9:20)
ಅಂಟಿಸಿ ಸಾರ್. ಗಾಂಧಿ ಬಜಾರಿನಲ್ಲಿ ಐದು ಮೀಟರ್ ರೋಲ್ ಸಿಗುತ್ತದೆ. ಅರ್ಧ ಗಂಟೆ ಕೆಲಸ. 1979ರ ಬಲ್ಬಿನ ಜೊತೆ ಯಾರು ಗುದ್ದಾಡುತ್ತಾರೆ?

ಕಮಾಂಡರ್_ಜೀಪು (9:24)
ಮೇಷ್ಟ್ರೆ, ಆ ಜೀಪು ನಂದೇ ಅಲ್ವಾ? ಇನ್ವರ್ಟರ್ ಟೆಸ್ಟ್ ಮಾಡಬೇಕು ಅಂದಿದ್ರಿ. ವಿಮಾನ ಅಂತ ಹೇಳಿದ್ದರೆ ನಾನೂ ಬರುತ್ತಿದ್ದೆ.

ಲ್ಯಾಬ್_ಮೇಷ್ಟ್ರು (9:26)
ಸ್ವಲ್ಪ ಸುಳ್ಳು ಹೇಳಿದ್ದೆ, ಕ್ಷಮಿಸಿ.

ಹ್ಯಾಂಗರ್_ಹುಡುಗಿ (9:41)
ನಾನು ಸಾಗರದವಳು. ಈಗ ಹೊರಗೆ ಒಂದು ಹ್ಯಾಂಗರಿನಲ್ಲಿ ಇದೇ ಕೆಲಸ. ಮೊದಲು ಒಂದು ಮಾತು. 152 ಅಂದರೆ 28 ವೋಲ್ಟ್ ವಿಮಾನ, 24 ವೋಲ್ಟ್ ಬ್ಯಾಟರಿ. ಅದಕ್ಕಿಂತ ಹಿಂದಿನ 150ರಲ್ಲಿ ಮಾತ್ರ 14 ವೋಲ್ಟ್. ನೀವು 12 ಕೊಟ್ಟಿದ್ದೀರಿ. ಮಾಸ್ಟರ್ ಹಾಕಿದಾಗ 'ಟಕ್' ಅನ್ನಬೇಕಾದ ಕಾಂಟ್ಯಾಕ್ಟರ್, ಅಂದರೆ ಬ್ಯಾಟರಿಯನ್ನು ಜೋಡಿಸುವ ದೊಡ್ಡ ರಿಲೇ, ಸುಮ್ನಿದ್ದದ್ದು ಅದಕ್ಕೇ. ಅದರ ಕಾಯಿಲ್‌ಗೆ 12 ವೋಲ್ಟ್ ಸಾಲುವುದಿಲ್ಲ.

ಇನ್ನೊಂದು. ಬಸ್ ಬಾರ್‌ಗೆ ನೇರ ವೈರ್ ಕೊಟ್ಟಿರಲ್ಲ, ನಡುವೆ ಫ್ಯೂಸ್ ಇತ್ತಾ?

ಲ್ಯಾಬ್_ಮೇಷ್ಟ್ರು (9:44)
ಇರಲಿಲ್ಲ. ಆದರೆ ಪ್ಯಾನಲ್ ಮೇಲೆ ಬ್ರೇಕರ್ ಇದೆಯಲ್ಲ ಮೇಡಂ?

ಹ್ಯಾಂಗರ್_ಹುಡುಗಿ (9:47)
ಬ್ರೇಕರ್ ಇರುವುದು ಬಸ್ ಬಾರ್ ಆದಮೇಲೆ. ಬ್ಯಾಟರಿಯಿಂದ ಬಸ್ ಬಾರ್‌ವರೆಗೆ ನೀವು ಎಳೆದ ವೈರಿಗೆ ಕಾವಲು ಯಾರು? ಅದು ಎಲ್ಲಾದರೂ ಬಾಡಿಗೆ ತಾಗಿದರೆ ಬ್ಯಾಟರಿಯಲ್ಲಿ ಇರುವ ಕರೆಂಟೆಲ್ಲ ಅಲ್ಲೇ ಹರಿಯುತ್ತದೆ. ನೀವು ಮಲಗಿದ್ದು ಅದರ ಕೆಳಗೆ. ನಾಳೆಯೇ ಒಂದು 10 ಆಂಪಿಯರ್ ಫ್ಯೂಸ್ ಹಾಕಿ, ಬ್ಯಾಟರಿಯ ಹತ್ತಿರವೇ ಹಾಕಿ.

ರೇಡಿಯೋ_ರಾಯರು (9:58)
ಮೇಡಂ ಹೇಳಿದ್ದು ಸರಿ. ಲೆಕ್ಕ ಬೇಕಾದವರಿಗೆ: ತಂತಿ ಬಲ್ಬಿನ ಬೆಳಕು ವೋಲ್ಟೇಜಿನ ಜೊತೆ ಸಮ ಪ್ರಮಾಣದಲ್ಲಿ ಇಳಿಯುವುದಿಲ್ಲ, ಧಡಾರನೆ ಇಳಿಯುತ್ತದೆ. ಸುಮಾರು 3.4ನೇ ಘಾತ. 28ರ ಬಲ್ಬಿಗೆ 12 ಕೊಟ್ಟರೆ ಬೆಳಕು ಇಪ್ಪತ್ತರಲ್ಲಿ ಒಂದು ಪಾಲು. ಅದರ ಮುಂದೆ ಕೆಂಪು ಗಾಜು ಬೇರೆ. ಊದುಬತ್ತಿ ಆಗದೆ ಇನ್ನೇನಾದೀತು?

ಎರಡು 12 ವೋಲ್ಟ್ ಬ್ಯಾಟರಿ ಸೀರೀಸ್‌ನಲ್ಲಿ ಜೋಡಿಸಿ. ಲಾರಿಯಲ್ಲಿ ಇರುವುದು ಹಾಗೇ ಅಲ್ವಾ. 25ರ ಹತ್ತಿರ ಬರುತ್ತದೆ. ಬೆಳಕು ಪೂರ್ತಿಗಿಂತ ಮೂರನೇ ಒಂದು ಪಾಲು ಕಮ್ಮಿ ಇರುತ್ತದೆ, ಆದರೆ ಬಲ್ಬಿನ ಆಯುಷ್ಯ ಹೆಚ್ಚುಕಮ್ಮಿ ನಾಲ್ಕು ಪಟ್ಟು ಆಗುತ್ತದೆ. ಆಯುಷ್ಯದ್ದು 12ನೇ ಘಾತದ ಲೆಕ್ಕ. ನಮ್ಮ ಕಡೆ ಮೆಸ್ಕಾಂ ಲೋ ವೋಲ್ಟೇಜಿನಲ್ಲಿ ಹಳೇ ಬಲ್ಬುಗಳು ವರ್ಷಗಟ್ಟಲೆ ಬರುತ್ತಿದ್ದವು, ನೆನಪಿದೆಯಾ?

ತುಂಗಾತೀರ (10:05)
ರಾಯರೇ, ನಮ್ಮ ದೇವರ ಮನೆಯ ಸೊನ್ನೆ ಕ್ಯಾಂಡಲ್ ಬಲ್ಬು ನನ್ನ ಮದುವೆಗಿಂತ ಹಳೇದು. ಈಗ ಗೊತ್ತಾಯಿತು ಯಾಕೆ ಅಂತ.

ಹೊಸನಗರ_ಹೈದ (10:07)
ನಮ್ಮಲ್ಲಿ ಬಲ್ಬ್ ಹಾಳಾಗುವುದೇ ಇಲ್ಲ. ಕರೆಂಟ್ ಇದ್ದರೆ ತಾನೆ.

ಕಮಾಂಡರ್_ಜೀಪು (10:15)
ಎರಡನೇ ಬ್ಯಾಟರಿ ನಾನೇ ಕೊಡುತ್ತೇನೆ. ಹೋದ ವರ್ಷ ಪವರ್ ಟಿಲ್ಲರ್‌ಗೆ ಅಂತ ತಂದದ್ದು ಇದೆ. ಆದರೆ ಭಾನುವಾರದ ಒಳಗೆ ಎರಡೂ ವಾಪಸ್ ಬೇಕು. ಅಡಿಕೆ ಕೊನೆ ಕೊಯ್ಲು ಶುರು, ಜೀಪು ಇಲ್ಲದೆ ತೋಟದಿಂದ ಒಂದು ಗೊನೆಯೂ ಮೇಲೆ ಬರುವುದಿಲ್ಲ.

ರೇಡಿಯೋ_ರಾಯರು (10:19)
ಸೀರೀಸ್ ಮಾಡುವ ಮುಂಚೆ ಎರಡನ್ನೂ ಬೇರೆ ಬೇರೆಯಾಗಿ ಪೂರ್ತಿ ಚಾರ್ಜ್ ಮಾಡಿ. ಒಂದು ಹಳೇದು ಒಂದು ಹೊಸದಾದರೆ ಸೊರಗಿದ್ದು ಮೊದಲು ಖಾಲಿಯಾಗಿ, ಇನ್ನೊಂದು ಅದನ್ನು ಎಳೆದಾಡುತ್ತದೆ. ಒಂದೆರಡು ಗಂಟೆ ಲೈಟಿಗೆ ತೊಂದರೆ ಇಲ್ಲ. ಮರೆತು ರಾತ್ರಿಯಿಡೀ ಬಿಡಬೇಡಿ.

ಎಲ್‌ಇಡಿ_ಲೋಕಿ (10:30)
ಇಷ್ಟೆಲ್ಲ ಸರ್ಕಸ್ ಯಾಕೆ? ಒಂದು ರೋಲ್, ಒಂದು ಅಡಾಪ್ಟರ್. ಮಕ್ಕಳಿಗೆ ಏನು ಗೊತ್ತಾಗುತ್ತದೆ.

ಹ್ಯಾಂಗರ್_ಹುಡುಗಿ (10:38)
ಲೋಕಿ ಅವರೇ, ಹಾರದ ವಿಮಾನ ಅಂತ ಸುಮ್ನಿದ್ದೇನೆ. ಹಾರುವುದಾದರೆ ಒಂದು ಬಲ್ಬಿಗೂ ಪಾರ್ಟ್ಸ್ ಕ್ಯಾಟಲಾಗಿನ ನಂಬರ್ ಬೇಕು, ಜೊತೆಗೆ ರಿಲೀಸ್ ಕಾಗದ ಬೇಕು, ಲಾಗ್ ಬುಕ್‌ನಲ್ಲಿ ಬರೆದು ಸಹಿ ಆಗಬೇಕು. ಬಜಾರಿನ ಎಲ್‌ಇಡಿ ಪಟ್ಟಿ ಅಂಟಿಸಿದ ವಿಮಾನಕ್ಕೆ ನಾನಂತೂ ಸಹಿ ಹಾಕುವುದಿಲ್ಲ. ಅದಕ್ಕೆ ಒಪ್ಪಿಗೆ ಪಡೆದ ಎಲ್‌ಇಡಿ ಕಿಟ್‌ಗಳೇ ಬೇರೆ ಇವೆ.

ಮೇಷ್ಟ್ರೆ, ಹುಡುಗರು ಅದನ್ನು ನೋಡಿ ಕಲಿಯುವ ವಿಮಾನ ಅಲ್ವಾ? ಇದ್ದದ್ದನ್ನೇ ರಿಪೇರಿ ಮಾಡಿಸಿ. ಕಿತ್ತ ಮೇಲೆ ಏನು ಕಲಿಯುತ್ತಾರೆ, ಟೇಪ್ ಅಂಟಿಸುವುದಾ?

ಎಲ್‌ಇಡಿ_ಲೋಕಿ (10:41)
ಸರಿ ಮೇಡಂ, ಬೈಬೇಡಿ.

ಹ್ಯಾಂಗರ್_ಹುಡುಗಿ (10:52)
ಬೈದಿಲ್ಲ. ಬೈದರೆ ಗೊತ್ತಾಗುತ್ತದೆ.

ಮೇಷ್ಟ್ರಿಗೆ: ಮೀಟರಿನ ಪಕ್ಕದ ಸಣ್ಣ ಕಂಬದಂಥ ದೀಪಗಳಿಗೆ ಪೋಸ್ಟ್ ಲೈಟ್ ಅನ್ನುತ್ತೇವೆ. ತಲೆ ಮೇಲಿನ ಕೆಂಪು ಲೈಟ್ ಫ್ಲಡ್. ಪೋಸ್ಟ್ ಲೈಟ್ ಇರುವ ವಿಮಾನದಲ್ಲಿ ತಲೆ ಮೇಲಿನ ಕನ್ಸೋಲಿನಲ್ಲಿ ಒಂದು ಜಾರಿಸುವ ಸ್ವಿಚ್ ಇರುತ್ತದೆ. ಫ್ಲಡ್, ಪೋಸ್ಟ್, ಎರಡೂ ಅಂತ ಮೂರು ಜಾಗ. ಅದು ಎಲ್ಲಿದೆ ನೋಡಿದಿರಾ?

ಲ್ಯಾಬ್_ಮೇಷ್ಟ್ರು (ಸೋಮವಾರ, ಸಂಜೆ 6:30)
ನಾಚಿಕೆಯಾಗುತ್ತದೆ. ಸ್ವಿಚ್ ಫ್ಲಡ್‌ನಲ್ಲೇ ಇತ್ತು. ಎರಡು ವರ್ಷದಿಂದ ಅಲ್ಲೇ ಕೂತು ಗಟ್ಟಿಯಾಗಿತ್ತು. ಹತ್ತು ಹದಿನೈದು ಸಲ ಆಚೆ ಈಚೆ ಜಾರಿಸಿದ ಮೇಲೆ ಸರಾಗವಾಯಿತು.

ಎರಡು ಬ್ಯಾಟರಿ, ಫ್ಯೂಸ್, ಎಲ್ಲ ಹಾಕಿದೆ. ಈ ಸಲ ನೇರ ವೈರ್ ಇಲ್ಲ, ಸರಿಯಾದ ದಾರಿಯಲ್ಲೇ ಕೊಟ್ಟೆ. ಮಾಸ್ಟರ್ ಹಾಕಿದ ಕೂಡಲೇ 'ಟಕ್'. ಆ ಸದ್ದು ಕೇಳಿ ಮೂರು ಜನ ಹುಡುಗರು ಚಪ್ಪಾಳೆ ತಟ್ಟಿದರು. ಫ್ಲಡ್ ಚೆನ್ನಾಗಿ ಉರಿಯಿತು. ಪೋಸ್ಟ್‌ಗೆ ಹಾಕಿದರೆ ಬಲಗಡೆಯವು ಬಂದವು. ಎಡಗಡೆ, ಅಂದರೆ ಪೈಲಟ್ ಮುಂದಿನವು, ಸತ್ತಿವೆ.

ಮಂಡಗದ್ದೆ_ಕೊಕ್ಕರೆ (6:42)
ಒಂದು ಸಾಲು ಪೂರ್ತಿ ಸತ್ತಿದೆ ಎಂದರೆ ಬಲ್ಬ್ ಅಲ್ಲ. ಎಲ್ಲ ಬಲ್ಬೂ ಒಂದೇ ದಿನ ಸಾಯುವುದಿಲ್ಲ. ಅರ್ತ್ ನೋಡಿ. ವಿಮಾನಕ್ಕೂ ಜೀಪಿನ ಹಾಗೇ ಒಂದೇ ವೈರ್ ಅಲ್ವಾ, ವಾಪಸ್ ಬರುವುದು ಬಾಡಿಯಲ್ಲಿ.

ಹ್ಯಾಂಗರ್_ಹುಡುಗಿ (6:50)
ಕೊಕ್ಕರೆಯವರು ಸರಿಯಾಗಿ ಹೇಳಿದರು. ಮಲ್ಟಿಮೀಟರ್ ಓಮ್‌ಗೆ ಇಟ್ಟು, ಬ್ಯಾಟರಿ ತೆಗೆದು, ಅರ್ತ್ ವೈರಿನ ತುದಿಯಿಂದ ಬಾಡಿಗೆ ನೋಡಿ. ಹೆಚ್ಚುಕಮ್ಮಿ ಸೊನ್ನೆ ಬರಬೇಕು.

ಹಾಗೇ ರೆಕ್ಕೆ ಬಿಚ್ಚಿದ ಜಾಗದಲ್ಲಿ ವೈರ್ ತುದಿಗಳು ನೇತಾಡುತ್ತಿರಬಹುದು. ನ್ಯಾವಿಗೇಶನ್ ಲೈಟ್, ಪಿಟೋ (ಗಾಳಿಯ ವೇಗ ಅಳೆಯುವ ನಳಿಗೆ) ಹೀಟರ್, ಎಲ್ಲದಕ್ಕೂ ಟೇಪ್ ಸುತ್ತಿ, ಸ್ವಿಚ್ ಆಫ್ ಮಾಡಿ ಇಡಿ. ಮಕ್ಕಳು ಎಲ್ಲ ಸ್ವಿಚ್ ಒತ್ತುತ್ತಾರೆ.

ಲ್ಯಾಬ್_ಮೇಷ್ಟ್ರು (8:15)
ಸಿಕ್ಕಿತು! ಎಡಗಡೆ ಪ್ಯಾನಲ್ ಹಿಂದೆ ನಾಲ್ಕೈದು ಕಪ್ಪು ವೈರ್ ಒಂದೇ ಸ್ಕ್ರೂಗೆ ಕೂಡಿವೆ. ವೈರಿನ ತುದಿಯಲ್ಲಿ ಹಸಿರು ಕಿಲುಬು, ಅದರ ಕೆಳಗೆ ಅಲ್ಯೂಮಿನಿಯಂ ಮೇಲೆ ಉಪ್ಪಿನ ಹಾಗೆ ಬಿಳಿ ಪುಡಿ. ಮೀಟರ್ 400 ಓಮ್ ತೋರಿಸುತ್ತದೆ, ವೈರ್ ಅಲುಗಾಡಿಸಿದರೆ 2000. ಹೇಗೆ ಉಜ್ಜಲಿ?

ತುಂಗಾತೀರ (8:18)
ಹುಣಸೆ ಹಣ್ಣು ಮತ್ತು ಉಪ್ಪು. ತಾಮ್ರದ ಹಂಡೆಗೆ ನಾವು ಹಾಕುವುದು ಅದೇ. ಫಳಫಳ ಅನ್ನುತ್ತದೆ.

ಹ್ಯಾಂಗರ್_ಹುಡುಗಿ (8:21)
ಅಯ್ಯೋ ಬೇಡ ಅಕ್ಕಾ! ಹಂಡೆಯನ್ನು ಆಮೇಲೆ ನೀರಲ್ಲಿ ತೊಳೆಯುತ್ತೀರಿ. ಇಲ್ಲಿ ಹುಳಿ ಮತ್ತು ಉಪ್ಪು ಸಂದಿಯಲ್ಲೇ ಉಳಿದು ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಪಾತ್ರೆ ತಿಕ್ಕುವ ಸ್ಟೀಲ್ ಉಂಡೆಯೂ ಬೇಡ. ಅದರ ಎಳೆ ಅಲ್ಯೂಮಿನಿಯಮ್ಮಿನಲ್ಲಿ ಸಿಕ್ಕಿಕೊಂಡು ಅಲ್ಲೇ ತುಕ್ಕು ಹಿಡಿಯುತ್ತದೆ. ಪಾತ್ರೆ ತೊಳೆಯುವ ಹಸಿರು ನಾರಿನ ಪ್ಯಾಡ್ ಇದೆಯಲ್ಲ, ಅದರ ಒಂದು ಚೂರು ಸಾಕು. ಲೋಹ ಹೊಳೆಯುವಷ್ಟು ಉಜ್ಜಿ, ಸ್ಪಿರಿಟ್ಟಿನಲ್ಲಿ ಒರೆಸಿ, ವೈರಿನ ತುದಿಗೆ ಹೊಸ ಲಗ್ (ಸ್ಕ್ರೂ ಕೂರುವ ಲೋಹದ ಬಳೆ) ಹಾಕಿ ಬಿಗಿ ಮಾಡಿ.

ಹೊಸನಗರ_ಹೈದ (8:25)
ಪುಷ್ಪಕ್ ಸಿಗಲಿಲ್ವಾ ಮೇಷ್ಟ್ರೆ? ನಮ್ಮ ಬೆಂಗಳೂರಿನ ಎಚ್‌ಎಎಲ್‌ನದ್ದು. 1958ರಲ್ಲಿ ಮೊದಲ ಸಲ ಹಾರಿದ್ದು. ಸೆಸ್ನಾ ಯಾಕೆ ತಂದ್ರಿ?

ರೇಡಿಯೋ_ರಾಯರು (8:33)
ಅದು ಬಟ್ಟೆ ಹೊದಿಸಿದ ವಿಮಾನ ಮಾರಾಯ್ರೆ. ಈ ಶೆಡ್ಡಿನಲ್ಲಿ ಎರಡು ಮಳೆಗಾಲ ನಿಲ್ಲಿಸಿದ್ದರೆ ರೆಕ್ಕೆ ಮೇಲೆ ಅಣಬೆ ಏಳುತ್ತಿತ್ತು.

ಲ್ಯಾಬ್_ಮೇಷ್ಟ್ರು (ಮಂಗಳವಾರ, ಮಧ್ಯಾಹ್ನ 1:10)
ಅರ್ತ್ ಸರಿಯಾಯಿತು. ಎಡಗಡೆ ಮೂರು ಬಿಟ್ಟು ಎಲ್ಲ ಉರಿಯುತ್ತಿವೆ. ಈ ಮೂರರ ಬಲ್ಬನ್ನು ಹೊರಗೆ ತೆಗೆಯುವುದು ಹೇಗೆ? ಮೇಲಿನ ಟೋಪಿ ಎಳೆದರೆ ಬಂತು. ಒಳಗೆ ಬಲ್ಬು ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪ. ಬೆರಳು ಹೋಗುವುದಿಲ್ಲ, ಚಿಮಟದಲ್ಲಿ ಹಿಡಿದರೆ ಒಡೆಯುತ್ತದೆ ಅಂತ ಭಯ.

ಹ್ಯಾಂಗರ್_ಹುಡುಗಿ (1:22)
ಚಿಮಟ ಬೇಡ. ಸೈಕಲ್ ಅಂಗಡಿಯಲ್ಲಿ ವಾಲ್ ಟ್ಯೂಬ್ ಸಿಗುತ್ತದಲ್ಲ, ಎರಡು ಇಂಚು ತನ್ನಿ. ಅದರ ತುದಿಯನ್ನು ಬಲ್ಬಿನ ತಲೆಗೆ ಒತ್ತಿ ಎಳೆಯಿರಿ. ಸಣ್ಣದಾಯಿತು ಅನ್ನಿಸಿದರೆ ಸ್ವಲ್ಪ ದಪ್ಪದ ರಬ್ಬರ್ ನಳಿಗೆ. ಹೊಸದನ್ನು ಹಾಕುವುದೂ ಹಾಗೇ. ನಮ್ಮ ಹ್ಯಾಂಗರಿನಲ್ಲಿ ಎಲ್ಲರ ಡಬ್ಬಿಯಲ್ಲೂ ಒಂದು ತುಂಡು ಇರುತ್ತದೆ.

ತೆಗೆದ ಮೇಲೆ ಬಲ್ಬಿನ ಬುಡದಲ್ಲಿ ನಂಬರ್ ಓದಿ.

ಲ್ಯಾಬ್_ಮೇಷ್ಟ್ರು (5:45)
ವಾಲ್ ಟ್ಯೂಬ್ ಕೆಲಸ ಮಾಡಿತು! ದುರ್ಗಿಗುಡಿಯ ಸೈಕಲ್ ಅಂಗಡಿಯವರು ದುಡ್ಡು ತಗೊಳ್ಳಲಿಲ್ಲ, 'ವಿಮಾನಕ್ಕಾ?' ಅಂತ ಮೂರು ಸಲ ಕೇಳಿದರು.

ಮೊಬೈಲ್ ಕ್ಯಾಮೆರಾದಲ್ಲಿ ಜೂಮ್ ಮಾಡಿ ಓದಿದೆ. ಎರಡರ ಮೇಲೆ 327. ಒಂದರ ಮೇಲೆ 330, ಅದರ ಗಾಜು ಒಳಗೆ ಕಪ್ಪಾಗಿದೆ.

ಹ್ಯಾಂಗರ್_ಹುಡುಗಿ (5:58)
327 ಅಂದರೆ 28 ವೋಲ್ಟ್. 330 ಅಂದರೆ 14 ವೋಲ್ಟ್. ನೋಡಲು ಅವಳಿ ಜವಳಿ. ಯಾರೋ ಕೈಗೆ ಸಿಕ್ಕಿದ್ದನ್ನು ಹಾಕಿದ್ದಾರೆ. ಹಾಕಿದ ಕೂಡಲೇ ಉಳಿದವಕ್ಕಿಂತ ಜೋರಾಗಿ ಹೊಳೆದಿರುತ್ತದೆ, 'ಓಹೋ ಚೆನ್ನಾಗಿದೆ' ಅಂದುಕೊಂಡು ಹೋಗಿರುತ್ತಾರೆ. ಆಮೇಲೆ ಸುಟ್ಟಿದೆ. ಮೂರೂ 327 ಹಾಕಿ.

ಕಮಾಂಡರ್_ಜೀಪು (6:10)
ಲಾರಿಯ 24 ವೋಲ್ಟ್ ಮೀಟರ್ ಬಲ್ಬ್ ಆಗುವುದಿಲ್ವಾ? ಬಿ.ಎಚ್. ರೋಡಿನಲ್ಲಿ ಬೇಕಾದಷ್ಟು ಸಿಗುತ್ತದೆ.

ಮಂಡಗದ್ದೆ_ಕೊಕ್ಕರೆ (6:14)
ವೋಲ್ಟ್ ಹತ್ತಿರ ಹತ್ತಿರ, ಆದರೆ ಬುಡ ಬೇರೆ. ಲಾರಿಯದ್ದು ಚಪ್ಪಟೆ ಗಾಜಿನ ಬುಡ. ಇದಕ್ಕೆ ಕಾಲರ್ ಇರುವ ಲೋಹದ ಬುಡ. ಕೂರುವುದಿಲ್ಲ. ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಗೆ ನಂಬರ್ ಹೇಳಿ ತರಿಸಿ.

ಎಲ್‌ಇಡಿ_ಲೋಕಿ (6:30)
ಇದೇ ಬುಡದಲ್ಲಿ ಎಲ್‌ಇಡಿ ಬಲ್ಬೂ ಬರುತ್ತದೆ. ಪಟ್ಟಿ ಅಲ್ಲ, ಬಲ್ಬು. ಈಗಲಾದರೂ ಒಪ್ಪುತ್ತೀರಾ?

ರೇಡಿಯೋ_ರಾಯರು (6:52)
ಒಪ್ಪುತ್ತೇನೆ, ಆದರೆ ಎರಡು ತಕರಾರು. ಹಳೇ ಡಿಮ್ಮರ್ ತಂತಿ ಬಲ್ಬಿಗೆ ಅಂತ ಮಾಡಿದ್ದು. ರಿಯೋಸ್ಟಾಟ್ (ನಾಬ್ ತಿರುಗಿಸಿ ಹೆಚ್ಚುಕಮ್ಮಿ ಮಾಡುವ ರೆಸಿಸ್ಟರ್) ಆದರೆ ಅದರೊಳಗೆ ಸಾಕಷ್ಟು ಕರೆಂಟ್ ಹರಿದರೆ ಮಾತ್ರ ವೋಲ್ಟೇಜ್ ಇಳಿಯುತ್ತದೆ. ಎಲ್‌ಇಡಿ ಕುಡಿಯುವುದು ಒಂದು ಗುಟುಕು. ನಾಬ್ ಎಷ್ಟು ತಿರುಗಿಸಿದರೂ ಬೆಳಕು ಹಾಗೇ ಇರುತ್ತದೆ, ಕೊನೆಗೆ ಒಮ್ಮೆಲೇ ಆರಿ ಹೋಗುತ್ತದೆ. ಟ್ರಾನ್ಸಿಸ್ಟರ್ ಡಿಮ್ಮರ್ ಆದರೆ ವೋಲ್ಟೇಜ್ ಇಳಿಯುತ್ತದೆ, ಆದರೆ ಎಲ್‌ಇಡಿಯ ಬೆಳಕು ತಂತಿಯ ಹಾಗೆ ಮೆಲ್ಲಗೆ ಇಳಿಯುವುದಿಲ್ಲ.

ಎರಡನೇದು, ಆನ್ ಆಫ್ ಮಾಡುತ್ತಾ ಬೆಳಕು ತಗ್ಗಿಸುವ ಅಗ್ಗದ ಡಿಮ್ಮರ್ ರೇಡಿಯೋದಲ್ಲಿ ಗುಂಯ್ ಅನ್ನುತ್ತದೆ. ಹ್ಯಾಮ್ ರೇಡಿಯೋ ಸೆಟ್ಟಿನ ಪಕ್ಕದಲ್ಲಿ ಅಂಥ ಒಂದು ಟೇಬಲ್ ಲ್ಯಾಂಪ್ ಇಟ್ಟು ಒಂದು ವಾರ ತಲೆ ಕೆಡಿಸಿಕೊಂಡಿದ್ದೇನೆ. ಪಕ್ಕದ ಮನೆ ಮಿಕ್ಸಿ ಅಂತ ಅವರ ಜೊತೆ ಜಗಳವೂ ಆಯಿತು.

ಕಮಾಂಡರ್_ಜೀಪು (7:05)
ಎಲ್‌ಇಡಿ ಕಥೆ ನಂದೂ ಇದೆ. ಜೀಪಿನ ಮೀಟರಿಗೆ ನೀಲಿ ಎಲ್‌ಇಡಿ ಹಾಕಿಸಿದ್ದೆ, ಸ್ಟೈಲ್ ಅಂತ. ಜುಲೈ ತಿಂಗಳು, ಆಗುಂಬೆ ಘಾಟಿ, ಮಂಜು. ಮೀಟರಿನ ಬೆಳಕು ಮುಂದಿನ ಗಾಜಿಗೆ ಹೊಡೆದು ಎದುರಿಗೆಲ್ಲ ನೀಲಿ. ತಿರುವು ಯಾವುದು, ಮಂಜು ಯಾವುದು ಗೊತ್ತಾಗಲಿಲ್ಲ. ಹೆಂಡತಿ ಶಾಲು ತೆಗೆದು ಮೀಟರಿಗೆ ಮುಚ್ಚಿದಳು. ಸೋಮೇಶ್ವರ ತಲುಪುವವರೆಗೂ ಶಾಲು ಹಾಗೇ ಇತ್ತು. ಮಾರನೇ ದಿನ ಕಿತ್ತು ಹಳದಿ ಬಲ್ಬೇ ಹಾಕಿಸಿದೆ.

ತುಂಗಾತೀರ (7:11)
ಅದಕ್ಕೇನಾ ವಿಮಾನದಲ್ಲಿ ಕೆಂಪು ಲೈಟ್?

ಹ್ಯಾಂಗರ್_ಹುಡುಗಿ (7:30)
ಹೂಂ ಅಕ್ಕಾ. ಕತ್ತಲಲ್ಲಿ ನೋಡುವ ಕಣ್ಣಿನ ಕೋಶಗಳಿಗೆ ಕೆಂಪು ಹೆಚ್ಚುಕಮ್ಮಿ ಕಾಣುವುದೇ ಇಲ್ಲ. ಅದಕ್ಕೆ ಕೆಂಪು ಬೆಳಕಿನಲ್ಲಿ ಮೀಟರ್ ನೋಡಿ ತಲೆ ಎತ್ತಿದರೂ ಹೊರಗಿನ ಕತ್ತಲು ಕಾಣುತ್ತದೆ. ಬಿಳಿ ಬೆಳಕು ಒಮ್ಮೆ ಜೋರಾಗಿ ಹೊಡೆದರೆ ಕಣ್ಣು ಮತ್ತೆ ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು. ಅಮಾವಾಸ್ಯೆ ದಿನ ಮನೆಯಿಂದ ಕೊಟ್ಟಿಗೆಗೆ ಹೋಗುವಾಗ ಮೊದಲು ಏನೂ ಕಾಣದೆ ಆಮೇಲೆ ದಾರಿ ಕಾಣುತ್ತದಲ್ಲ, ಅದೇ.

ಆದರೆ ಕೆಂಪಿಗೆ ಒಂದು ದೋಷ ಇದೆ. ನಕ್ಷೆಯಲ್ಲಿ ಕೆಂಪು ಗೆರೆ ಇದ್ದರೆ ಮಾಯ. ಈಗ ಜಾಸ್ತಿ ಜನ ಮಂದ ಬಿಳಿ ಬೆಳಕನ್ನೇ ಇಷ್ಟಪಡುತ್ತಾರೆ. ಪೋಸ್ಟ್ ಲೈಟಿನ ಜಾಣತನ ಅಲ್ಲೇ ಇದೆ. ಟೋಪಿಯ ಸೀಳಿನಿಂದ ಬೆಳಕು ಮೀಟರಿನ ಮುಖಕ್ಕೆ ಮಾತ್ರ ಬೀಳುತ್ತದೆ, ಪೈಲಟ್ ಕಣ್ಣಿಗಲ್ಲ. ಮೇಷ್ಟ್ರೆ, ಟೋಪಿ ವಾಪಸ್ ಹಾಕುವಾಗ ಸೀಳು ಮೀಟರಿನ ಕಡೆಗೇ ಇರಲಿ.

ಹೊಸನಗರ_ಹೈದ (7:44)
ರಾತ್ರಿ ಹಾರುವುದು ಕಲಿಯುವವರಿಗೂ ಇದೆಯಾ?

ಹ್ಯಾಂಗರ್_ಹುಡುಗಿ (7:50)
ಇದೆ. ಕಮರ್ಷಿಯಲ್ ಲೈಸೆನ್ಸಿಗೆ ಒಟ್ಟು 200 ಗಂಟೆ ಹಾರಬೇಕು. ಅದರಲ್ಲಿ 5 ಗಂಟೆ ರಾತ್ರಿ, 10 ಸಲ ಏರಿ 10 ಸಲ ಇಳಿಯಬೇಕು. ನನಗೆ ರಾತ್ರಿ ಫೋನ್ ಬಂದರೆ ಹತ್ತರಲ್ಲಿ ಎಂಟು ಸಲ ಪ್ಯಾನಲ್ ಲೈಟಿನದ್ದೇ ದೂರು.

ಸೋಗಾನೆ_ಪಕ್ಕದ_ಮನೆ (8:20)
ನಡುವೆ ಬಾಯಿ ಹಾಕುತ್ತೇನೆ. ನನ್ನ ಹತ್ತಿರ ಗುಜರಿಯಲ್ಲಿ ಸಿಕ್ಕ ಹಳೇ ಎತ್ತರ ಅಳೆಯುವ ಮೀಟರ್ ಇದೆ, ಯುದ್ಧದ ಕಾಲದ್ದಂತೆ. ಅಂಕಿಗಳು ಕಂದು ಬಣ್ಣಕ್ಕೆ ತಿರುಗಿವೆ. ರೇಡಿಯಂ ಇದೆ ಅಂದರು. ಆದರೆ ಕತ್ತಲಲ್ಲಿ ಹೊಳೆಯುವುದಿಲ್ಲ. ಬಿಚ್ಚಿ ಹೊಸ ರೇಡಿಯಂ ಅಂಟಿಸಬಹುದಾ? ಬೈಕಿನ ನಂಬರ್ ಪ್ಲೇಟಿಗೆ ಅಂಟಿಸುತ್ತಾರಲ್ಲ, ಅದು.

ರೇಡಿಯೋ_ರಾಯರು (8:24)
ಬಿಚ್ಚಬೇಡಿ! ಬಿಚ್ಚಬೇಡಿ!

ಬೈಕಿನ ರೇಡಿಯಂ ಸ್ಟಿಕರಿನಲ್ಲಿ ರೇಡಿಯಂ ಇಲ್ಲವೇ ಇಲ್ಲ, ಬೆಳಕು ವಾಪಸ್ ಹೊಡೆಯುವ ಹಾಳೆ ಅಷ್ಟೆ. ನಿಮ್ಮ ಮೀಟರಿನಲ್ಲಿ ಇರಬಹುದಾದದ್ದು ನಿಜವಾದ ರೇಡಿಯಂ. ಹೊಳೆಯದಿದ್ದರೆ ರೇಡಿಯಂ ಮುಗಿದಿದೆ ಅಂತಲ್ಲ. ಜೊತೆಗೆ ಬೆರೆಸಿದ, ಹೊಳೆಯುವ ಪುಡಿ ಸುಟ್ಟು ಹೋಗಿದೆ. ರೇಡಿಯಂ ಅರ್ಧಕ್ಕೆ ಇಳಿಯಲು 1600 ವರ್ಷ ಬೇಕು. ಗಾಜು ಬಿಚ್ಚಿದರೆ ಉದುರಿದ ಬಣ್ಣದ ಪುಡಿ ಉಸಿರಿನಲ್ಲಿ ಹೋಗುತ್ತದೆ, ಅದೇ ಅಪಾಯ. ಬಿಗಿಯಾದ ಡಬ್ಬಿಯಲ್ಲಿ ಹಾಕಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ.

ಸೋಗಾನೆ_ಪಕ್ಕದ_ಮನೆ (8:27)
ಟಿವಿ ಮೇಲೆ ಇತ್ತು. ಈಗ ತೆಗೆದೆ. ಕೈ ತೊಳೆದುಕೊಂಡೆ. ಎರಡು ಸಲ.

ಲ್ಯಾಬ್_ಮೇಷ್ಟ್ರು (8:31)
ನಮ್ಮದರಲ್ಲೂ ಇದೆಯಾ ಮೇಡಂ?? ನಾಳಿದ್ದು ಮಕ್ಕಳು ಬರುತ್ತಾರೆ.

ಹ್ಯಾಂಗರ್_ಹುಡುಗಿ (8:36)
1979ರ ಸೆಸ್ನಾದ ಮೀಟರಿನಲ್ಲಿ ಇರುವುದು ಸಾದಾ ಬಿಳಿ ಬಣ್ಣ. ಅದಕ್ಕೇ ತಾನೆ ಇಷ್ಟೊಂದು ಲೈಟು ಬೇಕಾಗಿರುವುದು. ನಿಶ್ಚಿಂತೆಯಿಂದ ಇರಿ. ಆಮೇಲೆ, ನಾಳಿದ್ದು ಗುರುವಾರ. ಮಕ್ಕಳು ಬರುವುದು ಶುಕ್ರವಾರ.

ಲ್ಯಾಬ್_ಮೇಷ್ಟ್ರು (ಗುರುವಾರ, ರಾತ್ರಿ 7:50)
327 ಬೆಂಗಳೂರಿನಿಂದ ಕೊರಿಯರಿನಲ್ಲಿ ಬಂತು. ಈಗಷ್ಟೇ ಹಾಕಿದೆ. ಶೆಡ್ಡಿನ ಲೈಟ್ ಆರಿಸಿ, ನಾನು ಮತ್ತು ಇಬ್ಬರು ಹುಡುಗರು ಒಳಗೆ ಕೂತು, ನಾಬ್ ಮೆಲ್ಲಗೆ ತಿರುಗಿಸಿದೆವು. ಮೊದಲು ಏನೂ ಇಲ್ಲ. ಆಮೇಲೆ ಒಂದೊಂದು ಮೀಟರಿನ ಮೇಲೂ ಬೀಸಣಿಗೆಯ ಹಾಗೆ ಬೆಳಕು ಬಿತ್ತು. ಬೆಲ್ಲದ ಬಣ್ಣ. ಎತ್ತರದ ಮೀಟರಿನ ಮುಳ್ಳಿನ ನೆರಳೂ ಕಾಣುತ್ತಿತ್ತು. ಯಾರೂ ಮಾತಾಡಲಿಲ್ಲ. ಹೊರಗೆ ಕಪ್ಪೆ ಕೂಗುತ್ತಿತ್ತು.

ದಿಕ್ಸೂಚಿಯ ಲೈಟ್ ಒಂದು ಬಂದಿಲ್ಲ. ಅದರ ವೈರ್ ಮುಂದಿನ ಗಾಜಿನ ಹತ್ತಿರ ಕತ್ತರಿಸಿದೆ, ಇಲಿ ಕಡಿದ ಹಾಗಿದೆ. ಅದು ಬರುವ ವಾರಕ್ಕೆ.

ಎಲ್‌ಇಡಿ_ಲೋಕಿ (8:02)
ಫೋಟೋ ನೋಡಿದೆ. ಚೆನ್ನಾಗಿದೆ. ಒಪ್ಪಿದೆ ಅಂತಲ್ಲ, ಚೆನ್ನಾಗಿದೆ.

ತುಂಗಾತೀರ (8:06)
ನಾಳೆ ನನ್ನ ಮೊಮ್ಮಗನೂ ಬರುತ್ತಾನೆ. ಸ್ವಿಚ್ ಒತ್ತುವುದರಲ್ಲಿ ಎತ್ತಿದ ಕೈ. ಟೇಪ್ ಸುತ್ತಿದ್ದೀರಲ್ಲ?

ಲ್ಯಾಬ್_ಮೇಷ್ಟ್ರು (8:09)
ಸುತ್ತಿದ್ದೇನೆ ಅಕ್ಕಾ. ಎರಡು ಸುತ್ತು.

ಕಮಾಂಡರ್_ಜೀಪು (ಶನಿವಾರ, ಸಂಜೆ 6:40)
ಮೇಷ್ಟ್ರೆ, ಮಕ್ಕಳು ಬಂದು ಹೋದರಲ್ಲ. ನಾಳೆ ಬೆಳಿಗ್ಗೆ ಏಳಕ್ಕೆ ಕೊನೆಗಾರರು ಬರುತ್ತಾರೆ. ಜೀಪು ಅಂಗಳದಲ್ಲಿ ಬ್ಯಾಟರಿ ಇಲ್ಲದೆ ನಿಂತಿದೆ.

ಲ್ಯಾಬ್_ಮೇಷ್ಟ್ರು (6:52)
ಹೊರಟೆ ಭಟ್ರೆ. ದಾರಿಯಲ್ಲೇ ಇದ್ದೇನೆ. ಒಂದು ವಿಷಯ, ಬೈಯಬೇಡಿ. ನಿನ್ನೆ ರಾತ್ರಿ ಮಾಸ್ಟರ್ ಆಫ್ ಮಾಡಲು ಮರೆತಿತ್ತು. ಚಾರ್ಜರ್ ಇದೆಯಾ ನಿಮ್ಮಲ್ಲಿ?